ಖಾಲಿ ಇರದ ಕುರ್ಚಿ

ಪೆಟಲೂಮಾ, ಕ್ಯಾಲಿಫೋರ್ನಿಯಾ
ಸೆಪ್ಟೆಂಬರ್ 12, 2004

ನದೀನ್,

ಫೋನಿನಲ್ಲಿ ಕೆಲಸದ ಮಾತು ಬೇಡ, ಆಫೀಸಿನ ಮೇಲ್‌ಗೆ ಒಂದಕ್ಷರವೂ ಬೇಡ, ಏನಿದ್ದರೂ ಮನೆ ವಿಳಾಸಕ್ಕೆ ಕಾಗದ ಬರಿ ಅಂತ ಲಾಯರಮ್ಮನ ಅಪ್ಪಣೆಯಾಗಿದೆ. ಹಾಗಾಗಿ ಎಷ್ಟೋ ವರ್ಷದ ಮೇಲೆ ಪೆನ್ನು ಹಿಡಿದು ಕೂತಿದ್ದೇನೆ. ಕೈ ನೋಯುತ್ತಿದೆ. ಅಕ್ಕ ಫುಟ್‌ಬಾಲ್ ಲೀಗ್‌ನ ವಕೀಲೆ, ತಮ್ಮ ಫುಟ್‌ಬಾಲ್ ವಿಡಿಯೋ ಗೇಮ್ ಮಾಡುವವನು. ಇಂಥ ಮನೆತನದಲ್ಲಿ ಹುಟ್ಟಿದ್ದಕ್ಕೆ ಇಷ್ಟಾದರೂ ಅನುಭವಿಸಬೇಕಲ್ಲ!

ಸುದ್ದಿ ಕೇಳಿದೆಯಾ? ಈ ವರ್ಷದ ನಮ್ಮ ಗೇಮ್ ಅಂಗಡಿಗಳಲ್ಲಿ ಬಿಸಿ ಬಿಸಿ ದೋಸೆಯ ಹಾಗೆ ಹೋಗುತ್ತಿದೆ ಅಂತ ಬರೆಯಬೇಕು ಅಂದುಕೊಂಡೆ. ನಮ್ಮೂರಿನ ಲೆಕ್ಕದಲ್ಲಿ, ಚರ್ಚಿನ ಹಿಂದೆ ಶುಕ್ರವಾರ ಮಾರುವ ಪಿರೋಗಿ ಕಡುಬಿನ ಹಾಗೆ ಅನ್ನು. ಹಾಲ್‌ಬ್ರುಕ್ ಕಂಪನಿಯವರು ಹದಿನೈದು ವರ್ಷದಿಂದ ಈ ಆಟವನ್ನು ತಮ್ಮ ಜಹಗೀರು ಮಾಡಿಕೊಂಡಿದ್ದರು. ಅವರ ಬೆಲೆಯ ಅರ್ಧಕ್ಕೆ ನಾವು ಕೊಟ್ಟೆವು, ಆಟವೂ ಅವರದಕ್ಕಿಂತ ಚೆನ್ನಾಗಿದೆ ಅಂತ ಅವರ ಪರವಾಗಿ ಬರೆಯುವ ಪತ್ರಿಕೆಗಳೇ ಬರೆದಿವೆ. ಮೊನ್ನೆ ಅವರೂ ಬೆಲೆ ಇಳಿಸಿದರು. ನಮ್ಮ ಹುಡುಗರು ಮೇಜಿನ ಮೇಲೆ ಹತ್ತಿ ಕುಣಿದರು.

ಇನ್ನೊಂದು. ರಾಚೆಸ್ಟರ್‌ನಿಂದ ಮಾರ್ವಾ ಟಿಲ್‌ಮನ್ ಅಂತ ಒಬ್ಬಳನ್ನು ಕರೆಸುತ್ತಿದ್ದೇನೆ. ಚೆಂಡು ಅಪ್ಪಿಕೊಂಡು ಓಡುವ ಆಟಗಾರ ಡಿಕ್ಕಿ ಹೊಡೆದು ಬೀಳುವಾಗ ಮೈ ಹೇಗೆ ತಿರುಚುತ್ತದೆ ಅನ್ನುವುದನ್ನು ಗಣಿತದಲ್ಲಿ ಹಿಡಿದಿಡುವವಳು. ದೊಡ್ಡ ಕಂಪನಿಯ ಭದ್ರ ಕೆಲಸ ಬಿಡಲು ಹಿಂದೆಮುಂದೆ ನೋಡುತ್ತಿದ್ದಾಳೆ. ಬಾ ತಾಯಿ, ನಾನಿದ್ದೇನೆ ಅಂದಿದ್ದೇನೆ.

ಲೀಗ್‌ನವರು ಇನ್ನು ಮುಂದೆ ಒಂದೇ ಕಂಪನಿಗೆ ಹಕ್ಕು ಕೊಡುತ್ತಾರಂತೆ ಅನ್ನುವ ಗಾಳಿಮಾತು ಇಲ್ಲಿ ಓಡಾಡುತ್ತಿದೆ. ನಿಮ್ಮ ಕಡೆ ಗಾಳಿ ಹೇಗಿದೆ?

ನಿನ್ನ ತಮ್ಮ,
ಕರ್ಟ್


ನ್ಯೂಯಾರ್ಕ್
ಅಕ್ಟೋಬರ್ 3, 2004

ಕರ್ಟ್,

ಗಾಳಿ ಹೇಗಿದೆ ಅಂತ ಕೇಳಬೇಡ. ತಮಾಷೆಗೂ ಕೇಳಬೇಡ.

ನೀನು ಆ ಸ್ಟುಡಿಯೋದ ಮುಖ್ಯಸ್ಥನಾದ ದಿನವೇ ನಾನು ಆಫೀಸಿನಲ್ಲಿ ತಿಳಿಸಿದ್ದೇನೆ: ನನ್ನ ಸ್ವಂತ ತಮ್ಮ ಈ ವ್ಯವಹಾರದಲ್ಲಿದ್ದಾನೆ, ಗೇಮ್‌ಗಳ ಹಕ್ಕಿನ ಯಾವ ಕೆಲಸವೂ ನನ್ನ ಮೇಜಿಗೆ ಬರಬಾರದು ಅಂತ. ಅವರೂ ಒಪ್ಪಿದ್ದಾರೆ. ಒಂದು ಮಾತು ಆಚೆ ಹೋಯಿತು ಅಂದರೆ ನನ್ನ ಕೆಲಸ ಮಾತ್ರವಲ್ಲ, ವಕೀಲಿಯ ಸನ್ನದೇ ಹೋಗುತ್ತದೆ. ಇದು ನಿನಗೆ ಗೊತ್ತಿರಲಿ.

ಲುಡ್ಮಿಲಾ ಚಿಕ್ಕಮ್ಮನಿಗೆ ಉಸಿರಾಟದ ತೊಂದರೆ ಹೆಚ್ಚಾಗಿದೆ. ಕಳೆದ ಭಾನುವಾರ ನಮ್ಮೂರು ಆಂಬ್ರಿಜ್‌ಗೆ ಹೋಗಿ ಬಂದೆ. ಎಲೆಕೋಸು ನೂಡಲ್ಸ್ ಮಾಡಿಕೊಟ್ಟೆ, ಎರಡು ಚಮಚ ತಿಂದಳು. ‘ಆ ಚಿಕ್ಕವನು ಇನ್ನೂ ಬೊಂಬೆ ಆಡಿಸ್ತಾನಾ?’ ಅಂತ ಕೇಳಿದಳು. ಹೌದು ಅಂದೆ.

ಇಲ್ಲಿ ಚಳಿ ಶುರುವಾಗಿದೆ.

ನದೀನ್


ಪೆಟಲೂಮಾ
ಅಕ್ಟೋಬರ್ 20, 2004

ನದೀನ್,

ನಿನ್ನ ಕಾಗದ ಓದಿ, ಇದು ನನ್ನಕ್ಕ ಬರೆದದ್ದೋ ವಕೀಲರ ನೋಟಿಸೋ ಅಂತ ತಿರುವಿ ನೋಡಿದೆ. ‘ಇಲ್ಲಿ ಚಳಿ ಶುರುವಾಗಿದೆ’ ಅಂತ ಬರೆದಿದ್ದೀಯ. ಕಾಗದ ಮುಟ್ಟಿದಾಗಲೇ ಗೊತ್ತಾಯಿತು ಬಿಡು.

ಕೇಳಬೇಡ ಅಂದೆ, ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. ನಿಮ್ಮವರ ಪತ್ರ ಎಲ್ಲ ಕಂಪನಿಗಳಿಗೂ ಬಂದಿದೆ. ಐದು ವರ್ಷ ಒಂದೇ ಕಂಪನಿಗೆ ಪೂರ್ತಿ ಹಕ್ಕು. ಯಾರು ಬೇಕಾದರೂ ಬಿಡ್ ಹಾಕಬಹುದು. ಎಲ್ಲರನ್ನೂ ಸಮವಾಗಿ ನೋಡುತ್ತೇವೆ ಅಂತ ಚಿನ್ನದಂಥ ಮಾತು ಬರೆದಿದ್ದಾರೆ. ಗೆದ್ದವರ ಗೇಮ್‌ನಲ್ಲಿ ಮಾತ್ರ ತಂಡಗಳ ಹೆಸರು, ಅಂಗಿಯ ಬಣ್ಣ, ನಿಜವಾದ ಆಟಗಾರರ ಮುಖ. ಸೋತವರು ಯಾರೋ ಹೆಸರಿಲ್ಲದವರನ್ನು ಬಯಲಲ್ಲಿ ಓಡಿಸಿಕೊಂಡಿರಬೇಕು. ಹಾಗೆ ಓಡಿಸಿದರೆ ಕೊಳ್ಳುವವರು ಯಾರು? ಅಂದರೆ ಇದು ಪಂದ್ಯವಲ್ಲ, ನದೀನ್. ಉಳಿವು ಅಳಿವು.

ಆದರೆ ನಮ್ಮ ಕೈಯಲ್ಲಿ ಸರಕಿದೆ. ಬಿಡ್ ಜೊತೆಗೆ ಮುಂದಿನ ವರ್ಷದ ಗೇಮ್‌ನ ಮಾದರಿಯನ್ನೇ ಮಾಡಿ ತೋರಿಸುತ್ತೇವೆ. ಮೊನ್ನೆ ಮೈತುಂಬ ಹೊಳೆಯುವ ಗುಂಡಿ ಅಂಟಿಸಿದ ಕಪ್ಪು ಉಡುಪು ತೊಡಿಸಿ, ನಿವೃತ್ತ ಆಟಗಾರನೊಬ್ಬನನ್ನು ದಿನವಿಡೀ ಕ್ಯಾಮೆರಾಗಳ ಮುಂದೆ ಬೀಳಿಸಿದೆವು. ಮುನ್ನೂರು ಪೌಂಡಿನ ಮನುಷ್ಯ! ಮಾರ್ವಾ ಪಕ್ಕದಲ್ಲಿ ನಿಂತು, ‘ಇನ್ನೊಂದ್ಸಲ ಬೀಳಿ ಸಾರ್, ಈ ಸಲ ಸ್ವಲ್ಪ ಮನಸಿಟ್ಟು ಬೀಳಿ’ ಅನ್ನುತ್ತಾಳೆ. ಅವನು ನಕ್ಕೂ ನಕ್ಕೂ ನಿಜವಾಗಿಯೇ ಬಿದ್ದ.

ಹೌದು, ಮಾರ್ವಾ ಬಂದಳು. ಗಂಡ ಇನ್ನೂ ರಾಚೆಸ್ಟರ್‌ನಲ್ಲಿದ್ದಾನೆ, ಮನೆ ಮಾರಾಟವಾದ ಮೇಲೆ ಬರುತ್ತಾನೆ. ಅವನು ಅಲ್ಲಿ ಶಾಲೆಯಲ್ಲಿ ಬ್ಯಾಂಡ್ ಮೇಷ್ಟ್ರು. ಆ ಕೆಲಸ ಬಿಟ್ಟು ಬರಬೇಕು. ನಾನಿದ್ದೇನೆ ಅಂತ ಅವನಿಗೂ ಹೇಳಿದ್ದೇನೆ.

ಒಂದು ಕೇಳಲಾ? ಇಷ್ಟು ವರ್ಷದಲ್ಲಿ ಒಂದು ಸಲವಾದರೂ ನನ್ನ ಗೇಮ್ ಆಡಿದ್ದೀಯ?

ಕರ್ಟ್


ನ್ಯೂಯಾರ್ಕ್
ನವೆಂಬರ್ 2, 2004

ಕರ್ಟ್,

ಫೋನಿನಲ್ಲಿ ಹೇಳಿದ ಹಾಗೆ ಶನಿವಾರ ಹತ್ತು ಗಂಟೆಗೆ ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಮಣ್ಣು. ಚಿಕ್ಕಮ್ಮನ ಹಸಿರು ಕೋಟು ನಿನಗೆ ನೆನಪಿರಬೇಕು, ಅದನ್ನೇ ಹಾಕಿ ಕಳಿಸಿ ಅಂದಿದ್ದಳಂತೆ.

ಹಿಂದಿನ ದಿನವೇ ಬಾ. ನಿನ್ನ ಹತ್ತಿರ ಮಾತಾಡಬೇಕು. ಕಾಗದದಲ್ಲಿ ಬೇಡ.

ನದೀನ್


ಪೆಟಲೂಮಾ
ನವೆಂಬರ್ 11, 2004

ನದೀನ್,

ವಿಮಾನದಲ್ಲಿ ಬರುವಾಗ ಬರೆದಿದ್ದರೆ ಇದಕ್ಕಿಂತ ಕೆಟ್ಟದಾಗಿ ಬರೆಯುತ್ತಿದ್ದೆ. ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಕೋಪವೇನೂ ಇಳಿದಿಲ್ಲ.

ಹಿಂದಿನ ದಿನ ಬರಲಾಗಲಿಲ್ಲ, ನಿಜ. ಬಿಡ್ ಕೆಲಸ ಇತ್ತು. ಮಣ್ಣಾದ ಮೇಲೆ, ಎಲ್ಲರೂ ಚರ್ಚಿನ ಕೆಳಗಿನ ಹಾಲ್‌ನಲ್ಲಿ ಊಟಕ್ಕೆ ಕೂತಿದ್ದಾಗ, ನೀನು ನನ್ನ ತೋಳು ಹಿಡಿದು ಕಾರು ನಿಲ್ಲಿಸುವ ಜಾಗಕ್ಕೆ ಎಳೆದುಕೊಂಡು ಹೋದೆ. ಏನೋ ಚಿಕ್ಕಮ್ಮನ ಮನೆ ವಿಷಯ ಇರಬೇಕು ಅಂದುಕೊಂಡೆ. ನೀನು ಹೇಳಿದ್ದು ಇಷ್ಟು: ‘ಆ ಬಿಡ್‌ಗೋಸ್ಕರ ಹಗಲೂ ರಾತ್ರಿ ಸಾಯಬೇಡ ಕಣೋ. ಆ ಕುರ್ಚಿ ನಿನಗಲ್ಲ. ಅದು ಖಾಲಿ ಇಲ್ಲ.’

ನಾನು ‘ಅಂದರೆ?’ ಅಂದೆ.

‘ಹೊಸಬರನ್ನ ಸೇರಿಸಿಕೊಳ್ಳಬೇಡ. ಇರುವವರನ್ನ ನೋಡಿಕೋ,’ ಅಂದೆ ನೀನು. ಅಷ್ಟರಲ್ಲಿ ಪಾದ್ರಿಗಳು ಬಂದರು, ನೀನು ಮುಖ ಒರೆಸಿಕೊಂಡು ಅವರ ಹತ್ತಿರ ಹೂವಿನ ಮಾತಾಡಲು ಶುರು ಮಾಡಿದೆ.

ಆ ಕುರ್ಚಿ ನಿನಗಲ್ಲ! ಹೈಸ್ಕೂಲಿನ ತಂಡಕ್ಕೆ ಸೇರಲು ಹೊರಟಾಗ ‘ನಿನ್ನ ಮೈಕಟ್ಟಿಗೆ ಅದಲ್ಲ’ ಅಂದೆ. ಕಾಲೇಜು ಬಿಟ್ಟು ಗೇಮ್ ಮಾಡುತ್ತೇನೆ ಅಂದಾಗ ‘ದೊಡ್ಡವರ ಸಾಲಲ್ಲಿ ನಿನಗೆ ಯಾರು ಜಾಗ ಕೊಡ್ತಾರೆ’ ಅಂದೆ. ಈಗ ಚಿಕ್ಕಮ್ಮನ ಗೋರಿಯ ಮಣ್ಣು ಒಣಗುವ ಮುಂಚೆ ಅದೇ ರಾಗ. ನಿನ್ನ ಕಣ್ಣಲ್ಲಿ ನಾನು ಯಾವತ್ತೂ ಬೊಂಬೆ ಆಡಿಸುವವನೇ.

ಸೋಮವಾರ ಆಫೀಸಿಗೆ ಬಂದವನೇ ಇನ್ನೂ ಆರು ಜನರನ್ನು ತೆಗೆದುಕೊಂಡೆ. ಊಟದ ಹೊತ್ತಿನಲ್ಲಿ ಮಾರ್ವಾಗೆ ನೀನು ಅಂದ ಮಾತು ಇದ್ದ ಹಾಗೇ ಹೇಳಿದೆ. ಅವಳು ಸ್ಯಾಂಡ್‌ವಿಚ್ ಬಾಯಲ್ಲಿಟ್ಟುಕೊಂಡೇ, ‘ನಿಮ್ಮಕ್ಕ ನಮ್ಮತ್ತೇನ ಎಲ್ಲಾದ್ರೂ ಭೇಟಿ ಮಾಡಿದಾರಾ?’ ಅಂದಳು. ಇಬ್ಬರೂ ನಕ್ಕೆವು.

ಡಿಸೆಂಬರ್‌ನಲ್ಲಿ ನೋಡು.

ಕರ್ಟ್


ನ್ಯೂಯಾರ್ಕ್
ನವೆಂಬರ್ 18, 2004

ಕರ್ಟ್,

ನಾನು ಹೇಳಿದ್ದು ನಿನ್ನ ಶಕ್ತಿಯ ಬಗ್ಗೆ ಅಲ್ಲ.

ಇದಕ್ಕಿಂತ ಹೆಚ್ಚು ಬರೆಯಲಾರೆ. ಆರು ಬಾರಿ ಬರೆದು ಹರಿದಿದ್ದೇನೆ. ತಂಡಕ್ಕೆ ಸೇರಬೇಡ ಅಂದದ್ದು ನಿಜ. ಆವತ್ತು ನಿನ್ನ ಕಾಲು ಮುರಿಯುತ್ತದೆ ಅನ್ನುವ ಭಯ ಇತ್ತು. ಅದನ್ನ ನೀನು ಇಷ್ಟು ವರ್ಷ ಹೊತ್ತುಕೊಂಡು ತಿರುಗುತ್ತಿದ್ದೀಯ ಅಂತ ನನಗೆ ಗೊತ್ತಿರಲಿಲ್ಲ.

ದಯವಿಟ್ಟು ನಾನು ಆಡಿದ ಮಾತನ್ನ ಇನ್ನೊಂದು ಸಲ, ಕೋಪ ಇಲ್ಲದೆ, ಯೋಚನೆ ಮಾಡು.

ನದೀನ್


ಪೆಟಲೂಮಾ
ಡಿಸೆಂಬರ್ 14, 2004

ನದೀನ್,

ನಿನ್ನೆ ಮಧ್ಯಾಹ್ನ ಪ್ರಕಟವಾಯಿತು. ಹಾಲ್‌ಬ್ರುಕ್. ಐದು ವರ್ಷ.

ನಮ್ಮ ಬಿಡ್ ತೆಗೆದುಕೊಂಡು ಹೋದವರು ಶುಕ್ರವಾರ ತಲುಪಿಸಿದ್ದರು. ಮಧ್ಯೆ ಎರಡು ರಜಾದಿನ. ನಾವು ಕಳಿಸಿದ ಮಾದರಿಯನ್ನು ಅವರು ಪೆಟ್ಟಿಗೆಯಿಂದ ಹೊರಗೂ ತೆಗೆದಿಲ್ಲ.

ಕುರ್ಚಿ ಖಾಲಿ ಇಲ್ಲ. ಈಗ ಅರ್ಥವಾಯಿತು.

ನಿನಗೆ ಯಾವಾಗಿನಿಂದ ಗೊತ್ತಿತ್ತು?


ಪೆಟಲೂಮಾ
ಫೆಬ್ರವರಿ 6, 2005

ನದೀನ್,

ಕ್ರಿಸ್‌ಮಸ್‌ಗೆ ನೀನು ಕಾರ್ಡ್ ಕಳಿಸಿದೆ. ‘ನಿನಗಾಗಿ ಪ್ರಾರ್ಥಿಸುತ್ತಿದ್ದೇನೆ’ ಅಂತ ಬರೆದಿದ್ದೆ. ನಾನು ಕೇಳಿದ ಪ್ರಶ್ನೆಗೆ ಉತ್ತರ ಅದಲ್ಲ.

ಇವತ್ತು ಭಾನುವಾರ, ವರ್ಷದ ಕಡೇ ಪಂದ್ಯ. ಬೀದಿಯಲ್ಲೆಲ್ಲ ಟಿವಿ ಸದ್ದು, ಪಕ್ಕದ ಮನೆಯವರು ಕೋಳಿ ರೆಕ್ಕೆ ಕರಿಯುತ್ತಿದ್ದಾರೆ. ಪ್ರತಿ ವರ್ಷ ಈ ದಿನ ನಮ್ಮ ಸ್ಟುಡಿಯೋದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ನಾನು ಟಿವಿ ಹಾಕಿಲ್ಲ.

ಸ್ಟುಡಿಯೋ ಮುಚ್ಚಿದ ಸುದ್ದಿ ಪತ್ರಿಕೆಯಲ್ಲಿ ಓದಿರುತ್ತೀಯ. ಅಲ್ಲಿ ಬರೆಯದೇ ಇದ್ದದ್ದನ್ನು ನಾನು ಹೇಳುತ್ತೇನೆ. ನಮ್ಮ ಮಾಲೀಕ ಕಂಪನಿಯಿಂದ ಒಬ್ಬ ಕೋಟಿನವನು ಬಂದ. ಅರವತ್ತು ಜನರನ್ನು ಊಟದ ಕೋಣೆಗೆ ಕರೆದ. ಜೇಬಿನಿಂದ ಹಾಳೆಯೊಂದನ್ನು ತೆಗೆದು ನನ್ನ ಕೈಗೆ ಕೊಟ್ಟು ಕೂತುಬಿಟ್ಟ. ನಾನೇ ಎದ್ದು ಹೇಳಬೇಕಾಯಿತು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಧ್ವನಿ ವಿಭಾಗದ ಹುಡುಗನೊಬ್ಬ ಮಾತ್ರ, ‘ನಾವು ಚೆನ್ನಾಗಿ ಮಾಡಿದ್ವಲ್ಲ ಸಾರ್?’ ಅಂತ ಕೇಳಿದ. ಚೆನ್ನಾಗಿ ಮಾಡಿದ್ವಿ ಕಣಪ್ಪ ಅಂದೆ.

ಮಾರ್ವಾ ಕೊನೆಯವರೆಗೂ ಕೂತೇ ಇದ್ದಳು. ಎಲ್ಲರೂ ಹೋದ ಮೇಲೆ, ‘ಮನೆ ಮಾರಿದ್ದು ಜನವರಿ ಎರಡನೇ ವಾರ. ಪ್ರಕಟವಾದ ಮೇಲೂ ನೀನು ಏನೋ ದಾರಿ ಇದೆ ಅಂದೆ. ನಂಬಿದೆ,’ ಅಂದಳು. ಆಮೇಲೆ ನನ್ನನ್ನೇ ನೋಡುತ್ತಾ, ‘ನಿಮ್ಮಕ್ಕ ಹೇಳಿದ್ದು ಬುದ್ಧಿಮಾತಲ್ಲ ಅಲ್ವಾ? ಅದು ಸುದ್ದಿ,’ ಅಂದಳು.

ಅದು ಹೊಳೆಯಲು ನನಗೂ ಒಂದು ತಿಂಗಳು ಬೇಕಾಗಿತ್ತು.

ಇನ್ನೊಮ್ಮೆ ಕೇಳುತ್ತೇನೆ. ಯಾವಾಗಿನಿಂದ?

ಕರ್ಟ್


ನ್ಯೂಯಾರ್ಕ್
ಮಾರ್ಚ್ 9, 2005

ಕರ್ಟ್,

ಸೆಪ್ಟೆಂಬರ್ ಕೊನೆಯಿಂದ.

ತಂಡಗಳ ಮಾಲೀಕರ ಸಭೆಗೆ ಕಾಗದಪತ್ರ ಜೋಡಿಸುವುದು ಪ್ರತಿ ವರ್ಷ ನನ್ನ ಕೆಲಸ. ಗೇಮ್‌ನ ಹಾಳೆಗಳನ್ನ ನನ್ನ ಕಟ್ಟಿನಿಂದ ತೆಗೆದುಬಿಡಬೇಕಿತ್ತು, ಯಾರೋ ಮರೆತರು. ಹಾಲ್‌ಬ್ರುಕ್ ಜೊತೆ ಮಾತು ಮುಗಿದಿತ್ತು, ಕೈಕುಲುಕಿಯೂ ಆಗಿತ್ತು. ಬಿಡ್ ಕರೆಯುವುದು ಲೋಕದ ಕಣ್ಣಿಗೆ ಮಾತ್ರ. ಓದಿ ಮುಗಿಸಿ ಕಟ್ಟನ್ನ ಮೊದಲಿನ ಹಾಗೇ ಕಟ್ಟಿಟ್ಟೆ. ಅದರ ಮುಂದಿನ ವಾರವೇ ನಿನಗೆ ಆ ಚಳಿಯ ಕಾಗದ ಬರೆದದ್ದು.

ಯಾಕೆ ಬಿಡಿಸಿ ಹೇಳಲಿಲ್ಲ ಅಂತ ಕೇಳುತ್ತೀಯ. ಮೊದಲು ನನಗೆ ನಾನೇ ಹೇಳಿಕೊಂಡೆ: ಅವನು ಬಿಡ್ ಹಾಕಿದರೂ ಸೋಲುತ್ತಾನೆ, ಹಾಕದಿದ್ದರೂ ಸೋಲುತ್ತಾನೆ, ನಾನು ಬಾಯಿಬಿಟ್ಟು ಸಾಧಿಸುವುದೇನು? ಆಮೇಲೆ ನಿನ್ನ ಕಾಗದದಲ್ಲಿ ರಾಚೆಸ್ಟರ್‌ನವಳ ವಿಷಯ ಓದಿದೆ. ಗಂಡನ ಕೆಲಸ, ಮಾರಲು ಇಟ್ಟ ಮನೆ. ಆವತ್ತಿನಿಂದ ನಿದ್ದೆ ಇಲ್ಲ. ಚಿಕ್ಕಮ್ಮನ ಮಣ್ಣಿಗೆ ಬರುವಾಗ ರೈಲಿನಲ್ಲಿ ಮಾತು ಹೊಂದಿಸಿಕೊಂಡು ಬಂದೆ. ನಿನಗೆ ಅರ್ಥವಾಗಬೇಕು, ನಾಳೆ ಯಾರಾದರೂ ಕೇಳಿದರೆ ನಾನೇನೂ ಹೇಳಿಲ್ಲ ಅನ್ನುವ ಹಾಗೂ ಇರಬೇಕು. ಅಂಥ ಮಾತು ಇರುವುದಿಲ್ಲ ಕರ್ಟ್. ನನ್ನನ್ನ ಕಾಪಾಡಿಕೊಳ್ಳಲು ಅರ್ಧ ನುಂಗಿದೆ, ಉಳಿದ ಅರ್ಧ ನಿನಗೆ ಬೈಗುಳದ ಹಾಗೆ ಕೇಳಿಸಿತು.

ಆ ಮಾರ್ವಾ ಈಗ ಎಲ್ಲಿದ್ದಾಳೆ?

ನದೀನ್


ಪೆಟಲೂಮಾ
ಮೇ 22, 2005

ನದೀನ್,

ಮಾರ್ವಾ ಇಲ್ಲೇ ಇದ್ದಾಳೆ. ಬ್ಯಾಂಕಿನ ಸಾಫ್ಟ್‌ವೇರ್‌ಗೆ ಗುತ್ತಿಗೆ ಕೆಲಸ ಮಾಡುತ್ತಾಳೆ. ಗಂಡ ಮದುವೆ ಮನೆಗಳಲ್ಲಿ ಟ್ರಂಪೆಟ್ ಊದುತ್ತಾನೆ. ನನ್ನನ್ನು ಕಂಡರೆ ಮಾತಾಡುತ್ತಾಳೆ, ಅದೇ ನನಗೆ ಕಷ್ಟ.

ಈಗ ಹೇಳುವುದನ್ನು ಕೂತು ಓದು. ನಮ್ಮ ಮಾಲೀಕ ಕಂಪನಿ ಲೀಗ್ ಮೇಲೂ ಹಾಲ್‌ಬ್ರುಕ್ ಮೇಲೂ ಕೇಸು ಹಾಕಿದೆ. ಮೊದಲೇ ನಿಶ್ಚಯ ಮಾಡಿಕೊಂಡು ಸುಳ್ಳು ಬಿಡ್ ಕರೆದರು, ನಮ್ಮಿಂದ ವ್ಯರ್ಥ ಖರ್ಚು ಮಾಡಿಸಿದರು ಅಂತ. ಗೆದ್ದರೆ ಕೆಲಸ ಕಳೆದುಕೊಂಡ ಪ್ರತಿಯೊಬ್ಬರಿಗೂ ಒಂದು ವರ್ಷದ ಸಂಬಳ ಕೊಡುತ್ತೇವೆ ಅಂತ ಕಂಪನಿ ಬರೆದುಕೊಟ್ಟಿದೆ. ಆದರೆ ಮೊದಲೇ ನಿಶ್ಚಯವಾಗಿತ್ತು ಅನ್ನುವುದಕ್ಕೆ ಪುರಾವೆ ಬೇಕಲ್ಲ? ಲೀಗ್‌ನವರು ಏನೂ ಇಲ್ಲ ಅಂತ ಕೈ ಒದರುತ್ತಿದ್ದಾರೆ.

ಜೂನ್ ಹದಿನೈದಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನನ್ನ ಪ್ರಮಾಣದ ಹೇಳಿಕೆ. ‘ಲೀಗ್‌ನ ಒಳಗಿನವರು ಯಾರಾದರೂ ನಿಮಗೆ ಮೊದಲೇ ಸುಳಿವು ಕೊಟ್ಟಿದ್ದರಾ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅಕ್ಕ ಅಲ್ಲಿ ವಕೀಲೆ ಅನ್ನುವುದು ಇಬ್ಬರ ವಕೀಲರಿಗೂ ಗೊತ್ತು.

ನೀನು ಹೇಳಿದ್ದು ಗೊತ್ತಿರುವುದು ನನಗೆ, ಮಾರ್ವಾಗೆ. ಮೊನ್ನೆ ಅವಳ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು.

‘ವಕೀಲರು ನನ್ನನ್ನೂ ಕೇಳಿದ್ರು, ಏನಾದ್ರೂ ಗೊತ್ತಾ ಅಂತ. ಇನ್ನೊಬ್ಬರ ಅಕ್ಕ ಆಡಿದ ಮಾತು ನಾನು ಹೇಳಲ್ಲ ಅಂತ ಸುಮ್ಮನಾದೆ,’ ಅಂದಳು.

‘ಥ್ಯಾಂಕ್ಸ್ ಮಾರ್ವಾ.’

‘ಥ್ಯಾಂಕ್ಸ್ ಹೇಳಬೇಡ. ನಿನಗೆ ಉಪಕಾರ ಮಾಡ್ತಿಲ್ಲ. ಅದು ನೀನು ಹೇಳಬೇಕಾದ್ದು. ನಾನೂ ಬಂದು ಕೂತಿರ್ತೀನಿ, ಕೇಳೋದಕ್ಕೆ.’

ಬಾಗಿಲು ಹಾಕಿಕೊಂಡಳು.

ನಾನು ತೀರ್ಮಾನ ಮಾಡಿದ್ದೇನೆ. ಯಾರೂ ಏನೂ ಹೇಳಿಲ್ಲ ಅನ್ನುತ್ತೇನೆ. ನಮ್ಮಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಬೆನ್ನು ಮುರಿದುಕೊಂಡು ನಿನ್ನನ್ನು ಲಾ ಓದಿಸಿದ್ದು ನನ್ನ ಒಂದು ಮಾತಿನಿಂದ ಮಣ್ಣುಗೂಡುವುದಕ್ಕಲ್ಲ. ನೀನು ನಿಶ್ಚಿಂತೆಯಿಂದಿರು.

ಕರ್ಟ್


ನ್ಯೂಯಾರ್ಕ್
ಜೂನ್ 12, 2005

ಕರ್ಟ್,

ಇದನ್ನ ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಹದಿನೈದಕ್ಕೆ ಮೊದಲು ನಿನ್ನ ಕೈ ಸೇರಬೇಕು. ಎರಡು ದಿನದಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ.

ಸುಳ್ಳು ಹೇಳಬೇಡ. ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಜೈಲು. ಆ ಹೆಣ್ಣುಮಗಳು ಎದುರಿಗೆ ಕೂತಿರುವಾಗ ಹೇಳಿದರೆ ಅದಕ್ಕಿಂತ ಕೆಟ್ಟದ್ದು.

ನಾನು ಶುಕ್ರವಾರವೇ ವಕೀಲರ ಶಿಸ್ತು ಮಂಡಳಿಗೆ ಹೋಗಿ ಬರೆದುಕೊಟ್ಟು ಬಂದೆ. ಏನು ಓದಿದೆ, ಯಾವಾಗ ಓದಿದೆ, ನಿನಗೆ ಏನು ಹೇಳಿದೆ, ಎಲ್ಲ. ಆಫೀಸಿನಲ್ಲೂ ತಿಳಿಸಿದೆ. ಅರ್ಧ ಗಂಟೆಯಲ್ಲಿ ನನ್ನ ಸಾಮಾನು ಒಂದು ಡಬ್ಬಿಗೆ ತುಂಬಿ, ಕಾವಲಿನವನ ಜೊತೆ ಕೆಳಗೆ ಕಳಿಸಿದರು. ಹದಿನೆಂಟು ವರ್ಷದಿಂದ ನಮಸ್ಕಾರ ಹೇಳುತ್ತಿದ್ದ ಕಾವಲಿನವನು ಲಿಫ್ಟ್‌ನಲ್ಲಿ ತಲೆ ತಗ್ಗಿಸಿಕೊಂಡು ನಿಂತಿದ್ದ. ‘ಪರವಾಗಿಲ್ಲ ಮಿಸ್ಟರ್ ಆರ್ಟಿಸ್,’ ಅಂತ ನಾನೇ ಸಮಾಧಾನ ಮಾಡಿದೆ.

ಇನ್ನು ನೀನು ಕಾಪಾಡಬೇಕಾದ್ದು ಏನೂ ಉಳಿದಿಲ್ಲ. ಹೋಗಿ ನಿಜ ಹೇಳು.

ನದೀನ್


ಪೆಟಲೂಮಾ
ಜೂನ್ 17, 2005

ನದೀನ್,

ಕೊರಿಯರ್‌ನವನು ಮಂಗಳವಾರ ಬಂದಿದ್ದ. ನಾನು ಆಗಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದೆ, ಫೋನನ್ನು ಬೇಕಂತಲೇ ಮನೆಯಲ್ಲಿ ಬಿಟ್ಟಿದ್ದೆ. ನಿನ್ನ ದನಿ ಕೇಳಿದರೆ ಮನಸ್ಸು ಆ ಕಡೆ ಈ ಕಡೆ ಆಗುತ್ತದೆ ಅನ್ನುವ ಭಯ. ಗುರುವಾರ ಸಂಜೆ ಬಂದು ನೋಡಿದರೆ ಬಾಗಿಲಿಗೆ ಚೀಟಿ ಅಂಟಿಸಿ, ಲಕೋಟೆ ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿದ್ದ.

ನನ್ನ ಹೇಳಿಕೆ ಬುಧವಾರ.

ಅದು ಹೇಗಾಯಿತು ಅಂತ ಹೇಳುತ್ತೇನೆ. ಕಿಟಕಿಯಿಲ್ಲದ ಕೋಣೆ, ಉದ್ದ ಮೇಜು. ಲೀಗ್‌ನ ವಕೀಲರು ಮೂವರು, ನಮ್ಮವರು ಇಬ್ಬರು, ಟೈಪು ಮಾಡುವ ಹೆಂಗಸು. ಗೋಡೆಗೆ ಒರಗಿದ ಕುರ್ಚಿಯಲ್ಲಿ ಮಾರ್ವಾ. ಬೆಳಿಗ್ಗೆಯೆಲ್ಲ ಏನೇನೋ ಕೇಳಿದರು. ಮಧ್ಯಾಹ್ನ ಊಟವಾದ ಮೇಲೆ ನಮ್ಮ ವಕೀಲ ನಿಧಾನವಾಗಿ ಶುರು ಮಾಡಿದ.

‘ನದೀನ್ ಪೆಟ್ರಾಕ್ ನಿಮಗೆ ಏನಾಗಬೇಕು?’

‘ಅಕ್ಕ.’

‘ಬಿಡ್ ವಿಷಯ ಅವರು ನಿಮ್ಮ ಹತ್ತಿರ ಯಾವಾಗಲಾದರೂ ಮಾತಾಡಿದ್ದರಾ?’

ಬಾಯಲ್ಲಿ ‘ಇಲ್ಲ’ ಸಿದ್ಧವಾಗಿತ್ತು. ವಾರದಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿದ ‘ಇಲ್ಲ.’ ಲೀಗ್‌ನ ಹಿರಿಯ ವಕೀಲ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ, ಮುಖದಲ್ಲಿ ಒಂಥರಾ ನೆಮ್ಮದಿ. ಅಕ್ಕನನ್ನು ತಮ್ಮ ಬಿಟ್ಟುಕೊಡುವುದಿಲ್ಲ ಅನ್ನುವ ಭರವಸೆ ಅವನಿಗೆ. ಅವನು ನನ್ನನ್ನು ತನ್ನ ಕಡೆಯವನು ಅಂದುಕೊಂಡಿದ್ದಾನೆ ಅಂತ ಆಗ ಹೊಳೆಯಿತು. ಮಾರ್ವಾ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ತೊಡೆಯ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಳು.

‘ಮಾತಾಡಿದ್ದರು,’ ಅಂದೆ. ‘ನವೆಂಬರ್ ಆರು, ನಮ್ಮ ಚಿಕ್ಕಮ್ಮನ ಮಣ್ಣಿನ ದಿನ.’ ನೀನು ಆಡಿದ ಮಾತು ಪೂರ್ತಿ ಹೇಳಿದೆ. ಪೆನ್ನಿನ ಮುಚ್ಚಳದ ಸದ್ದು ನಿಂತುಹೋಯಿತು.

ನದೀನ್, ಈಗ ನಾನು ಬೇಕಿದ್ದರೆ ಹೀಗೂ ಬರೆಯಬಹುದಿತ್ತು: ‘ನಿನ್ನ ಕಾಗದ ಸಿಕ್ಕಿತು, ನೀನು ಹೇಳಿದ ಹಾಗೇ ಮಾಡಿದೆ.’ ನಿನಗೂ ಹಗುರ, ನನಗೂ ಹಗುರ. ಆದರೆ ಹಾಗಾಗಲಿಲ್ಲ. ನೀನು ಶುಕ್ರವಾರವೇ ಬರೆದುಕೊಟ್ಟದ್ದು ನನಗೆ ಗೊತ್ತಿರಲಿಲ್ಲ. ಇದರಿಂದ ನಿನ್ನ ಬದುಕು ಮುಗಿಯಿತು ಅಂತ ತಿಳಿದುಕೊಂಡೇ ನಿನ್ನ ಹೆಸರು ಹೇಳಿದೆ. ನಿಶ್ಚಿಂತೆಯಿಂದಿರು ಅಂತ ಬರೆದ ಕೈಯಿಂದಲೇ ಇದನ್ನೂ ಬರೆಯುತ್ತಿದ್ದೇನೆ.

ಹೊರಗೆ ಬಂದಾಗ ಮಾರ್ವಾ ತನ್ನ ಕಾರಿನವರೆಗೂ ನನ್ನ ಜೊತೆ ನಡೆದಳು, ಅಷ್ಟೆ.

ನಿನಗೆ ಏನನ್ನಿಸುತ್ತದೋ ಹಾಗೇ ಬರಿ.

ಕರ್ಟ್


ಪೆಟಲೂಮಾ
ಆಗಸ್ಟ್ 28, 2005

ನದೀನ್,

ಹತ್ತು ವಾರವಾಯಿತು. ಫೋನ್ ಮಾಡಿದರೆ ಉತ್ತರಿಸುವ ಯಂತ್ರ ಮಾತಾಡುತ್ತದೆ. ಸಿಟ್ಟಿದ್ದರೆ ಸಿಟ್ಟನ್ನೇ ಕಳಿಸು.

ಕೇಸು ರಾಜಿಯಾಯಿತು. ನಮ್ಮಿಬ್ಬರ ಹೇಳಿಕೆ ಸೇರಿದ ಮೇಲೆ ಲೀಗ್‌ನವರಿಗೆ ಕೋರ್ಟಿನ ಮೆಟ್ಟಿಲು ಹತ್ತುವ ಧೈರ್ಯ ಉಳಿಯಲಿಲ್ಲವಂತೆ. ಅರವತ್ತು ಜನಕ್ಕೂ ಒಂದು ವರ್ಷದ ಸಂಬಳ ಬರುತ್ತದೆ. ಹಾಲ್‌ಬ್ರುಕ್‌ನ ಐದು ವರ್ಷ ಮಾತ್ರ ಹಾಗೇ ಇರುತ್ತದೆ, ಅದನ್ನು ಯಾರೂ ಅಲ್ಲಾಡಿಸಲಿಲ್ಲ. ಅವರ ಹೊಸ ಗೇಮ್ ಈ ತಿಂಗಳು ಬಂತು. ಬೆಲೆ ಮತ್ತೆ ಮೊದಲಿನಷ್ಟಕ್ಕೆ ಏರಿಸಿದ್ದಾರೆ. ಆಟಗಾರರು ಬೀಳುವುದು ಇನ್ನೂ ಮರದ ಕೊರಡು ಬಿದ್ದ ಹಾಗೆಯೇ.

ಮಾರ್ವಾ, ನಾನು, ಇನ್ನೂ ಐದು ಜನ ಸೇರಿ ಊರಾಚೆ ಒಂದು ಹಳೇ ಮೊಟ್ಟೆ ಗೋದಾಮು ಬಾಡಿಗೆಗೆ ಹಿಡಿದಿದ್ದೇವೆ. ಕೋಳಿ ವಾಸನೆ ಗೋಡೆಗೇ ಹಿಡಿದುಬಿಟ್ಟಿದೆ. ಕಾಲೇಜು ತಂಡ ಇಲ್ಲ, ಲೀಗ್ ಇಲ್ಲ, ಯಾರ ಅಪ್ಪಣೆಯೂ ಬೇಡದ ಒಂದು ಫುಟ್‌ಬಾಲ್ ಮಾಡುತ್ತಿದ್ದೇವೆ. ಊರು ನಮ್ಮದೇ, ತಂಡ ನಮ್ಮದೇ, ಹೆಸರೂ ನಮ್ಮದೇ. ಕೊಳ್ಳುವವರು ಸಿಗುತ್ತಾರೋ ಇಲ್ಲವೋ ದೇವರಿಗೇ ಗೊತ್ತು. ಮಾರ್ವಾ ಕರಾರು ಹಾಕಿ ಬಂದಳು: ‘ನಾನಿದ್ದೇನೆ ಅಂತ ಇನ್ನೊಂದ್ಸಲ ಅಂದ್ರೆ ಎದ್ದು ಹೋಗ್ತೀನಿ.’ ಅಂದಿಲ್ಲ.

ಬರಿ, ನದೀನ್.

ಕರ್ಟ್


ನ್ಯೂಯಾರ್ಕ್
ಸೆಪ್ಟೆಂಬರ್ 18, 2005

ಕರ್ಟ್,

ಸಿಟ್ಟು ಬಂದಿತ್ತು. ‘ನಿನ್ನ ಬದುಕು ಮುಗಿಯಿತು ಅಂತ ತಿಳಿದುಕೊಂಡೇ’ ಅನ್ನುವ ಸಾಲು ಓದಿ ಕಾಗದವನ್ನ ಅಡುಗೆಮನೆಯ ಡ್ರಾಯರ್‌ಗೆ ತುರುಕಿದೆ. ಚಮಚ ತೆಗೆಯಲು ಹೋದಾಗಲೆಲ್ಲ ಕೈಗೆ ಸಿಗುತ್ತಿತ್ತು. ಇದನ್ನ ಇವನು ಮುಚ್ಚಿಡಬಹುದಿತ್ತಲ್ಲ, ಯಾಕೆ ಹೇಳಿದ ಅಂತ ಬೇಸಿಗೆ ಪೂರ್ತಿ ಯೋಚಿಸಿದೆ. ಕಡೆಗೆ ಗೊತ್ತಾಯಿತು, ಸಿಟ್ಟು ನಿನ್ನ ಮೇಲಲ್ಲ. ನೀನು ಮುಚ್ಚಿಡಲಿಲ್ಲ, ನಾನು ಮುಚ್ಚಿಟ್ಟೆ. ಅದಕ್ಕೆ.

ನನ್ನ ಜೂನ್ ಕಾಗದವನ್ನ ಇನ್ನೊಮ್ಮೆ ತೆಗೆದು ನೋಡು. ತಮ್ಮನನ್ನ ಜೈಲಿನಿಂದ ಉಳಿಸಲು ಅಕ್ಕ ತನ್ನ ಕೊರಳು ಕೊಟ್ಟಳು ಅನ್ನುವ ಹಾಗಿದೆ ಅಲ್ಲವಾ? ನೀನು ಸುಳ್ಳು ಹೇಳುತ್ತೇನೆ ಅಂತ ಬರೆದದ್ದನ್ನ ನಾನು ಒಂದು ಕ್ಷಣವೂ ನಂಬಲಿಲ್ಲ. ಚಿಕ್ಕಂದಿನಲ್ಲಿ ಸಕ್ಕರೆ ಕದ್ದರೆ ಅಮ್ಮ ಕೇಳುವ ಮೊದಲೇ ಕಿವಿ ಕೆಂಪಗಾಗುತ್ತಿದ್ದವನು ನೀನು. ಆ ಕೋಣೆಯಲ್ಲಿ ನನ್ನ ಹೆಸರು ಬಂದೇ ಬರುತ್ತದೆ ಅಂತ ಗೊತ್ತಿತ್ತು. ಒಬ್ಬ ವಕೀಲನನ್ನ ಕಂಡೆ. ‘ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡರೆ ಸನ್ನದು ಶಾಶ್ವತವಾಗಿ ಹೋಗುತ್ತೆ. ಅವರಿಗಿಂತ ಮೊದಲು ನೀವೇ ಹೋಗಿ ಹೇಳಿದರೆ ಎರಡು ವರ್ಷಕ್ಕೆ ಮುಗಿಯಬಹುದು,’ ಅಂದ. ಮಾರನೇ ದಿನವೇ ಹೋಗಿ ಬರೆದುಕೊಟ್ಟೆ. ಅವನು ಹೇಳಿದ ಹಾಗೇ ಆಯಿತು. ಎರಡು ವರ್ಷ ಅಮಾನತು, ಮಂಗಳವಾರ ಆದೇಶ ಬಂತು.

ನಿನ್ನ ಮೇಲಿನ ಪ್ರೀತಿ ಅದರಲ್ಲಿ ಇರಲಿಲ್ಲ ಅಂತಲ್ಲ. ಇತ್ತು. ಆದರೆ ಮುಂದಿನ ಸಾಲಿನಲ್ಲಿ ಇದ್ದದ್ದು ಭಯ. ನೀನು ನನ್ನನ್ನ ಬಿಟ್ಟುಕೊಡುವ ಮೊದಲೇ ನೀನು ಬಿಟ್ಟುಕೊಡುತ್ತೀಯ ಅಂತ ಲೆಕ್ಕ ಹಾಕಿದವಳು ನಾನು. ಇದನ್ನ ಬರೆಯಲು ಹದಿಮೂರು ವಾರ ಬೇಕಾಯಿತು.

ಮಾರ್ವಾಗೆ ಒಂದು ಕಾಗದ ಬರೆಯಲು ಕೂತೆ. ಆಗಲಿಲ್ಲ. ಅದು ಮುಖ ನೋಡಿ ಆಡಬೇಕಾದ ಮಾತು. ಅವಳು ಬಾಗಿಲಲ್ಲೇ ನಿಲ್ಲಿಸಿದರೆ ಬಾಗಿಲಲ್ಲೇ ನಿಂತು ಆಡುತ್ತೇನೆ.

ಶುಕ್ರವಾರ ಸಂಜೆ ಆರಕ್ಕೆ ಓಕ್‌ಲ್ಯಾಂಡ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೇನೆ. ಈ ಕಾಗದ ಓದಿದ ಮೇಲೂ ಮನಸ್ಸಿದ್ದರೆ ಬಂದು ಕರೆದುಕೊಂಡು ಹೋಗು. ಇಲ್ಲದಿದ್ದರೆ ಟ್ಯಾಕ್ಸಿ ಹಿಡಿದು ನಿನ್ನ ಮನೆಗೇ ಬರುತ್ತೇನೆ. ನೀನು ಬಾಗಿಲು ತೆಗೆಯುವವರೆಗೂ ಬಡಿಯುತ್ತೇನೆ, ಪಕ್ಕದ ಮನೆಯವರು ಪೊಲೀಸರನ್ನ ಕರೆದರೂ ಸರಿ. ಈಗ ನನಗೆ ಹೋಗುವಂಥ ಮರ್ಯಾದೆ ಏನೂ ಉಳಿದಿಲ್ಲ.

ನಿನ್ನ ಅಕ್ಕ,
ನದೀನ್